ಬೀದಿದೀಪ ಯಾರನ್ನು ನೋಡುತ್ತದೆ?

ಬೀದಿದೀಪದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ತಂತ್ರಜ್ಞಾನದ ಚರಿತ್ರೆಯಾಗಿ ಓದುತ್ತೇವೆ. ಮೊದಲು ಎಣ್ಣೆ, ಆಮೇಲೆ ಗ್ಯಾಸು, ಅನಂತರ ವಿದ್ಯುತ್ತು, ಈಗ ಎಲ್‌ಇಡಿ. ಪ್ರತಿ ಹಂತದಲ್ಲೂ ಕತ್ತಲು ಒಂದಿಷ್ಟು ಹಿಂದೆ ಸರಿಯಿತು, ಜನ ಒಂದಿಷ್ಟು ಹೊತ್ತು ಹೆಚ್ಚು ಹೊರಗುಳಿದರು ಎಂಬ ನೇರ ಕಥೆ ಅದು. ಆದರೆ ದೀಪಕ್ಕೆ ಎರಡು ಕೆಲಸಗಳಿವೆ. ಅದರ ಬೆಳಕಿನಲ್ಲಿ ನಾವು ನೋಡುತ್ತೇವೆ; ಅದೇ ಬೆಳಕಿನಲ್ಲಿ ಬೇರೆಯವರು ನಮ್ಮನ್ನು ನೋಡುತ್ತಾರೆ. ಒಂದು ಚೌಕದಲ್ಲಿ ಜನ ಸೇರುತ್ತಾರೋ, ಚದುರುತ್ತಾರೋ ಎಂಬುದು ಈ ಎರಡರಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದನ್ನು ಅವಲಂಬಿಸಿದೆ.

ಪ್ಯಾರಿಸ್‌ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 1667ರಲ್ಲಿ ಸಾರ್ವಜನಿಕ ಕಂದೀಲುಗಳನ್ನು ತೂಗುಹಾಕಿಸಿದವನು ಆಗಷ್ಟೇ ನೇಮಕಗೊಂಡಿದ್ದ ಪೊಲೀಸ್ ಮುಖ್ಯಸ್ಥ ಲಾ ರೇನಿ. ಮೇಣದ ಬತ್ತಿಯ ಗಾಜಿನ ಕಂದೀಲುಗಳನ್ನು ಬೀದಿಯ ನಡುಮಧ್ಯೆ ಹಗ್ಗದಲ್ಲಿ ಕಟ್ಟಲಾಗುತ್ತಿತ್ತು. ಮೊದಮೊದಲು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಅವು ಉರಿಯುತ್ತಿದ್ದವು. ಇದರ ನೆನಪಿಗೆ ಹೊರಡಿಸಿದ ಪದಕದ ಮೇಲೆ ನಗರದ ಸುರಕ್ಷತೆ ಮತ್ತು ಹೊಳಪು ಎಂಬರ್ಥದ ಲ್ಯಾಟಿನ್ ಮಾತುಗಳಿದ್ದವು. ಸುರಕ್ಷತೆ ಮೊದಲು, ಹೊಳಪು ಆಮೇಲೆ. ಜನರಿಗೂ ಇದು ಅರ್ಥವಾಗಿತ್ತು: ಕಂದೀಲೆಂದರೆ ರಾಜನ ಕಣ್ಣು. ಆದ್ದರಿಂದಲೇ ಅದನ್ನು ಒಡೆಯುವುದು ಅಪರಾಧವೂ ಆಯಿತು, ಪ್ರತಿಭಟನೆಯೂ ಆಯಿತು. 1789ರ ಜುಲೈನಲ್ಲಿ ಪ್ಲಾಸ್ ದ ಗ್ರೇವ್ ಎಂಬ ಚೌಕದಲ್ಲಿ ಸೇರಿದ ಜನ, ಅರಸನ ಮಂತ್ರಿಯಾಗಿದ್ದ ಫುಲೋನ್‌ನನ್ನು ದೀಪ ತೂಗುವ ಕಬ್ಬಿಣದ ತೋಳಿಗೇ ನೇಣು ಹಾಕಿದರು. 1830ರ ಕ್ರಾಂತಿಯಲ್ಲಿ ದಂಗೆಯೆದ್ದವರು ಮೊದಲು ದೀಪಗಳನ್ನು ಒಡೆದರು. ಕತ್ತಲು ಅವರಿಗೆ ರಕ್ಷಣೆಯಾಗಿತ್ತು.

ಅದೇ ನಗರದಲ್ಲಿ 1878ರ ವಿಶ್ವ ವಸ್ತುಪ್ರದರ್ಶನದ ಹೊತ್ತಿಗೆ ಒಪೆರಾ ಬೀದಿಯಲ್ಲಿ ವಿದ್ಯುತ್ ಆರ್ಕ್ ದೀಪಗಳು ಬೆಳಗಿದಾಗ ಜನ ಅವುಗಳನ್ನು ಒಡೆಯಲಿಲ್ಲ, ನೋಡಲು ಬಂದರು. ಬದಲಾದದ್ದು ದೀಪವಷ್ಟೇ ಅಲ್ಲ. ಅದರ ಕೆಳಗೆ ಈಗ ಅಂಗಡಿಗಳ ಗಾಜಿನ ಕಿಟಕಿಗಳಿದ್ದವು, ಕಾಫಿ ಅಂಗಡಿಗಳ ಕುರ್ಚಿಗಳಿದ್ದವು. ನಿಲ್ಲಲು ಒಂದು ನೆಪವಿತ್ತು.

ನಮ್ಮ ಕಡೆ ಸಾರ್ವಜನಿಕ ಬೆಳಕಿನ ಪರಿಚಯ ಬೇರೆ ದಾರಿಯಲ್ಲಿ ಆಗಿತ್ತು. ದೇವಸ್ಥಾನದ ಮುಂದಿನ ದೀಪಮಾಲೆ ಕಂಬ, ಕಾರ್ತಿಕದ ದೀಪೋತ್ಸವ, ಬಯಲಾಟದ ಪಂಜು, ಉತ್ಸವದ ದೀವಟಿಗೆ ಇವೆಲ್ಲ ದಿನನಿತ್ಯದ ಬೆಳಕಲ್ಲ. ಜನ ಸೇರುವ ರಾತ್ರಿ ಉರಿದು, ಜನ ಚದುರಿದಾಗ ಆರುವ ಬೆಳಕು. ಬೆಂಗಳೂರು ಕರಗ ನಡೆಯುವುದು ಚೈತ್ರದ ಹುಣ್ಣಿಮೆಗೆ. ಅಂದರೆ ಆಕಾಶದ ದೀಪಕ್ಕೂ ಆ ರಾತ್ರಿ ಒಂದು ಪಾಲಿದೆ. ಹಾಗೆಂದು ಈ ಬೆಳಕು ಎಲ್ಲರಿಗೂ ಸಮವಾಗಿ ಬಿದ್ದಿತೆಂದಲ್ಲ. ದೇವಸ್ಥಾನದ ಅಂಗಳಕ್ಕೇ ಪ್ರವೇಶವಿಲ್ಲದವರಿಗೆ ಅದು ದೂರದಿಂದ ಕಾಣುವ ಬೆಳಕಾಗಿತ್ತು.

ಈ ದೃಷ್ಟಿಯಿಂದ ನೋಡಿದರೆ 1905ರ ಆಗಸ್ಟ್ 5 ಮುಖ್ಯವಾದ ದಿನ. ಅಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿ ವಿದ್ಯುತ್ ಬೀದಿದೀಪ ಹತ್ತಿತು. ಏಷ್ಯಾದಲ್ಲೇ ಮೊದಲನೆಯದೆಂದು ಇದನ್ನು ಹಲವರು ಹೇಳುವುದುಂಟು. ಅದು ಸರಿಯಲ್ಲ, ಶಾಂಘೈಯಲ್ಲೂ ಟೋಕಿಯೋದ ಗಿಂಜಾದಲ್ಲೂ 1882ರಲ್ಲೇ ಆರ್ಕ್ ದೀಪಗಳು ಉರಿದಿದ್ದವು. ಮೊದಲೋ ಅಲ್ಲವೋ ಎಂಬುದಕ್ಕಿಂತ ಆ ವಿದ್ಯುತ್ತು ಬಂದ ಕ್ರಮ ಹೆಚ್ಚು ಹೇಳುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಊರಿನ ಬೀದಿಗೆ ಸರದಿ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ಆದರೂ ಮಾರುಕಟ್ಟೆಯ ಬಳಿ ಹತ್ತಿದ ಆ ದೀಪಕ್ಕೆ ಒಂದು ಹೊಸ ಗುಣವಿತ್ತು. ಅದು ಹಬ್ಬವನ್ನೂ ಕಾಯಲಿಲ್ಲ, ಹುಣ್ಣಿಮೆಯನ್ನೂ ಕಾಯಲಿಲ್ಲ. ಕೆಳಗೆ ನಿಂತವರ ಜಾತಿಯನ್ನೂ ಕೇಳಲಿಲ್ಲ. ಕನಿಷ್ಠ ಮಾತಿನ ಮಟ್ಟಿಗಾದರೂ, ಸಂಜೆಯಾದ ಮೇಲೆ ಬೀದಿಯಲ್ಲಿರುವುದು ಎಲ್ಲರ ಹಕ್ಕು ಎಂದು ಅದು ಹೇಳಿತು.

ಆ ಮಾತು ಇನ್ನೂ ಪೂರ್ತಿಯಾಗಿ ನಡೆದಿಲ್ಲ. ಇಂದು ನಮ್ಮ ಊರುಗಳ ಸರ್ಕಲ್‌ಗಳಲ್ಲಿ ಎತ್ತರದ ಹೈಮಾಸ್ಟ್ ದೀಪಗಳು ನಿಂತಿವೆ. ಈ ಯೋಚನೆ ಹೊಸದಲ್ಲ. ಅಮೆರಿಕದ ಆಸ್ಟಿನ್ ನಗರ 1890ರ ದಶಕದಲ್ಲಿ 165 ಅಡಿ ಎತ್ತರದ 31 'ಬೆಳದಿಂಗಳ ಗೋಪುರ'ಗಳನ್ನು ನಿಲ್ಲಿಸಿತ್ತು. ಅಷ್ಟು ಮೇಲಿನಿಂದ ಬೀಳುವ ಬೆಳಕು ವಾಹನಕ್ಕೆ ರಸ್ತೆಯನ್ನು ತೋರಿಸುತ್ತದೆ. ಆದರೆ ಪಕ್ಕದಲ್ಲಿ ಕೂತವರ ಹುಬ್ಬಿನ ಕೆಳಗೆ ನೆರಳು ಬಿದ್ದು ಮುಖವೇ ಸರಿಯಾಗಿ ಕಾಣುವುದಿಲ್ಲ. ಎದುರಿಗೆ ಬರುವವರ ಮುಖ ತಿಳಿಯದಿದ್ದರೆ, ಒಬ್ಬಳೇ ನಡೆಯುವ ಹೆಣ್ಣುಮಗಳಿಗೆ ಎಷ್ಟು ಬೆಳಕಿದ್ದರೂ ಧೈರ್ಯ ಬರುವುದಿಲ್ಲ. ನಗರಗಳ ಬಗ್ಗೆ 1961ರಲ್ಲಿ ಬರೆದ ಜೇನ್ ಜೇಕಬ್ಸ್ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದ್ದರು: ನೋಡುವ ಕಣ್ಣುಗಳಿಲ್ಲದ ಕಡೆ ದೀಪವಿದ್ದೂ ಪ್ರಯೋಜನವಿಲ್ಲ. ಬೆಳಕು ಆ ಕಣ್ಣುಗಳಿಗೆ ಸಹಾಯ ಮಾಡಬಲ್ಲದೇ ಹೊರತು ಅವುಗಳ ಜಾಗ ತುಂಬಲಾರದು. ಸುರಕ್ಷತೆಯ ಹೆಸರಿನಲ್ಲಿ ದೀಪ ಹಾಕಿಸಿ, ಅದೇ ಸುರಕ್ಷತೆಯ ಹೆಸರಿನಲ್ಲಿ ಚಹಾದ ಗಾಡಿ, ಹೂವಿನ ಬುಟ್ಟಿಗಳನ್ನು ಎಬ್ಬಿಸಿದರೆ ನಾವು ಆ ಕಣ್ಣುಗಳನ್ನೇ ಕಳೆದುಕೊಂಡಂತೆ.

ಆ ಮೊದಲ ದೀಪ ಹತ್ತಿದ ಮಾರುಕಟ್ಟೆಯಲ್ಲಿ ಇಂದಿಗೂ ಬೆಳಗಿನ ಜಾವಕ್ಕೆ ಮೊದಲೇ ಹೂವಿನ ವ್ಯಾಪಾರ ಶುರುವಾಗುತ್ತದೆ. ಮಾರುವವರು ತಮ್ಮ ತಮ್ಮ ರಾಶಿಯ ಮೇಲೆ ಕೈಗೆಟುಕುವಷ್ಟು ಎತ್ತರದಲ್ಲಿ ಒಂದೊಂದು ಬಲ್ಬು ತೂಗುಹಾಕಿರುತ್ತಾರೆ. ಸೇವಂತಿಗೆಯ ಬಣ್ಣ ಕಾಣುತ್ತದೆ, ತೂಕದ ಮುಳ್ಳು ಕಾಣುತ್ತದೆ, ಚೌಕಾಸಿ ಮಾಡುವ ಇಬ್ಬರಿಗೂ ಪರಸ್ಪರರ ಮುಖ ಕಾಣುತ್ತದೆ. ಚೌಕಗಳಿಗೆ ದೀಪದ ಯೋಜನೆ ಮಾಡುವವರು ಲಕ್ಸ್ ಲೆಕ್ಕ ಹಾಕುವ ಮೊದಲು, ಅಲ್ಲಿ ಯಾರು ಯಾರ ಮುಖ ನೋಡಬೇಕಾಗಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.