ಗಂಜಿಯಲ್ಲದ ಗಂಜಿ: ಮಿದುಳಿನ ರಕ್ತನಾಳಗಳ ಒಂದು ಚರಿತ್ರೆ

ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ಕೇಳಿಯೇ ನಾವೆಲ್ಲ ಬೆಳೆದವರು. ಮರೆವನ್ನು ವಯಸ್ಸಿನ ಖಾತೆಗೆ ಬರೆದು ಸುಮ್ಮನಾಗುವ ರೂಢಿ ನಮ್ಮದು ಮಾತ್ರವಲ್ಲ. ಒಂದೂವರೆ ಶತಮಾನದ ಹಿಂದಿನ ಯುರೋಪಿನದೂ ಹೆಚ್ಚುಕಡಿಮೆ ಅದೇ. ಮರೆವಿನ ಹಿಂದೆ ಕಣ್ಣಿಗೆ ಕಾಣುವ ಒಂದು ವಸ್ತುವೂ ಇರಬಹುದೆಂಬ ಅರಿವು ಮೂಡಿದ ಬಗೆ, ಆ ವಸ್ತು ರಕ್ತನಾಳಗಳಿಗೆ ಮಾಡುವ ಕೇಡು ಬಹುಕಾಲ ಕಡೆಗಣ್ಣಿನಲ್ಲೇ ಉಳಿದ ಬಗೆ, ಎರಡೂ ಕುತೂಹಲದ ಸಂಗತಿಗಳು.

ಹೆಸರಿನಿಂದಲೇ ಆರಂಭಿಸಬೇಕು. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಮಿದುಳಿನಲ್ಲಿ ಕಂಡ ಕೆಲವು ಸಣ್ಣ ಕಣಗಳ ಮೇಲೆ ಅಯೋಡಿನ್ ಹಾಕಿದಾಗ ಅವು ಪಿಷ್ಟದಂತೆ ನೀಲಿಗೆ ತಿರುಗಿದವು. ಲ್ಯಾಟಿನ್ನಿನಲ್ಲಿ ಪಿಷ್ಟಕ್ಕೆ ಅಮೈಲಂ ಎಂದು ಹೆಸರು. ಹಾಗಾಗಿ ಅವರು ಅದನ್ನು ಅಮೈಲಾಯ್ಡ್ ಎಂದರು, ಗಂಜಿಯಂಥದ್ದು ಎಂದರ್ಥ. ಅಂಗಾಂಗಗಳಲ್ಲಿ ಶೇಖರವಾಗುವ ಮೇಣದಂಥ ವಸ್ತುವಿಗೂ ಅದೇ ಹೆಸರು ಅಂಟಿತು. 1859ರಲ್ಲಿ ಫ್ರೀಡ್ರೈಖ್ ಮತ್ತು ಕೆಕುಲೆ ಆ ಮೇಣದಂಥ ವಸ್ತು ಗಂಜಿಯಲ್ಲ, ಪ್ರೋಟೀನಿನ ಜಾತಿಯದು ಎಂದು ತೋರಿಸಿಕೊಟ್ಟರು. ಹೆಸರು ಮಾತ್ರ ಕದಲಲಿಲ್ಲ. ಒಳಗಿನ ಕಾಗದಗಳೆಲ್ಲ ಬದಲಾದರೂ ಕಡತದ ರಟ್ಟಿನ ಮೇಲಿನ ಶೀರ್ಷಿಕೆ ಹಾಗೆಯೇ ಉಳಿಯುವುದನ್ನು ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರು ಚೆನ್ನಾಗಿ ಬಲ್ಲೆವು.

1901ರ ನವೆಂಬರಿನಲ್ಲಿ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ದಾಖಲಾದರು. ಅಲೋಯಿಸ್ ಆಲ್ಝೈಮರ್ ಅವರನ್ನು ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅದೇ ವರ್ಷ ಟ್ಯೂಬಿಂಗೆನ್ನಿನ ಸಭೆಯೊಂದರಲ್ಲಿ ವರದಿ ಓದಿದರು. ಸಭೆಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ನರಕೋಶಗಳೊಳಗಿನ ಗಂಟುಗಳು, ಹೊರಗಿನ ಕಲೆಗಳು ಮುಂದೆ ಲೋಕಪ್ರಸಿದ್ಧವಾದವು. ಆದರೆ 1907ರ ಆ ಚಿಕ್ಕ ಲೇಖನದಲ್ಲಿ ಇನ್ನೊಂದು ಮಾತೂ ಇದೆ: ರಕ್ತನಾಳಗಳ ಒಳಪದರದ ಕೋಶಗಳಲ್ಲಿ ಬೆಳವಣಿಗೆ ಕಾಣುತ್ತದೆ, ಕೆಲವೆಡೆ ಹೊಸ ನಾಳಗಳೂ ಹುಟ್ಟಿವೆ ಎಂದು. ಗಂಟು ಮತ್ತು ಕಲೆಗಳ ಗದ್ದಲದಲ್ಲಿ ಈ ಮಾತು ಹಿಂದೆ ಸರಿಯಿತು. ಆ ಬರಹದ ಅತ್ಯಂತ ದೂರದೃಷ್ಟಿಯ ಸಾಲು ಅದೇ ಎಂದು ನಮಗೆ ತೋರುತ್ತದೆ.

ನಾಳಗಳ ಗೋಡೆಯಲ್ಲೂ ಅಮೈಲಾಯ್ಡ್ ಇದೆಯೆಂಬುದು ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. ಅದನ್ನು ತೋರಿಸಿಕೊಟ್ಟದ್ದು ಬಟ್ಟೆಗೆ ಹಾಕುವ ಕಾಂಗೋ ರೆಡ್ ಎಂಬ ಬಣ್ಣ. ಆಫ್ರಿಕಾವನ್ನು ಹಂಚಿಕೊಳ್ಳಲು ಯುರೋಪಿನ ರಾಷ್ಟ್ರಗಳು ಬರ್ಲಿನ್ನಿನಲ್ಲಿ ಸೇರಿದ್ದ ದಿನಗಳಲ್ಲೇ ಅದು ಮಾರುಕಟ್ಟೆಗೆ ಬಂದದ್ದು. ಹೆಸರು ಎಲ್ಲಿಂದ ಬಂತೆಂದು ಊಹಿಸಬಹುದು. ಅದು ಅಮೈಲಾಯ್ಡಿಗೆ ಅಂಟುತ್ತದೆಂದು 1922ರಲ್ಲಿ ಬೆನ್‌ಹೋಲ್ಡ್ ಕಂಡುಕೊಂಡರು. 1954ರಲ್ಲಿ ಪ್ಯಾಂಟೆಲಾಕಿಸ್ ಮಿದುಳಿನ ನಾಳಗಳಲ್ಲಿ ಈ ಬಣ್ಣ ಹಿಡಿಯುವ ವಿಕೃತಿಯನ್ನು ವಿವರವಾಗಿ ವರ್ಣಿಸಿದರು.

1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಈ ಪ್ರೋಟೀನನ್ನು ಮೊದಲ ಬಾರಿ ಬೇರ್ಪಡಿಸಿ ಅದರ ರಚನೆಯನ್ನು ಓದಿದರು. ಅವರು ಅದನ್ನು ತೆಗೆದದ್ದು ಪ್ರಸಿದ್ಧವಾದ ಆ ಕಲೆಗಳಿಂದಲ್ಲ, ಮಿದುಳಿನ ಹೊದಿಕೆಯ ರಕ್ತನಾಳಗಳಿಂದ! ಕಲೆಗಳಲ್ಲಿರುವುದೂ ಅದೇ ಎಂದು ಮರುವರ್ಷ ತಿಳಿಯಿತು. ಗ್ಲೆನರ್ 1995ರಲ್ಲಿ ತೀರಿಕೊಂಡದ್ದು ಇನ್ನೊಂದು ಬಗೆಯ ಅಮೈಲಾಯ್ಡ್ ರೋಗದಿಂದಲೇ.

ಇತ್ತ ಹಾಲೆಂಡಿನ ಕಡಲತೀರದ ಕಾಟ್‌ವೈಕ್ ಎಂಬ ಮೀನುಗಾರರ ಊರಿನಲ್ಲಿ ಕೆಲವು ಮನೆತನಗಳು ತಲೆಮಾರುಗಳಿಂದ ಒಂದು ಭಯವನ್ನು ಹೊತ್ತಿದ್ದವು. ಐವತ್ತರ ಆಸುಪಾಸಿನಲ್ಲೇ ಮಿದುಳಿನಲ್ಲಿ ರಕ್ತಸ್ರಾವ, ಬದುಕುಳಿದವರಲ್ಲಿ ಮರೆವು. ಮಕ್ಕಳಿಗೆ ಅದು ಬರುವ ಸಂಭವ ಎರಡರಲ್ಲೊಂದು. 1990ರಲ್ಲಿ ಕಾರಣ ಸಿಕ್ಕಿತು: ಅಮೈಲಾಯ್ಡ್ ಪ್ರೋಟೀನಿನ ಸರಪಳಿಯಲ್ಲಿ 22ನೆಯ ಕೊಂಡಿಯೊಂದೇ ಬದಲಾಗಿತ್ತು. ಆ ಒಂದು ಕೊಂಡಿಯಿಂದ ಅದು ನಾಳದ ಗೋಡೆಯಲ್ಲಿ ಒಟ್ಟುಗೂಡುತ್ತದೆ, ಸ್ನಾಯುಕೋಶಗಳು ಸಾಯುತ್ತವೆ, ನಾಳ ಒಡೆಯುತ್ತದೆ.

ಒಳಪದರದ ಸರದಿ ಬಂದದ್ದು 1996ರಲ್ಲಿ. ಇಲಿಯ ಮಹಾಪಧಮನಿಯ ತುಣುಕುಗಳನ್ನು ಅಮೈಲಾಯ್ಡಿನ ದ್ರಾವಣದಲ್ಲಿಟ್ಟಾಗ ನಾಳ ಸಂಕುಚಿಸಿತು, ಒಳಪದರದ ಕೋಶಗಳು ಹಾಳಾದವು ಎಂದು ಅಮೆರಿಕದ ತಂಡವೊಂದು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿತು. ಈ ಕೋಶಗಳು ಬರಿಯ ಅಸ್ತರಿಯಲ್ಲ. ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲಿಸುವವು ಅವೇ. ಮಿದುಳಿನಲ್ಲಂತೂ ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು, ರಕ್ತದಿಂದ ಏನು ಒಳಗೆ ಬರಬೇಕೆಂದು ನಿರ್ಧರಿಸುವ ದ್ವಾರಪಾಲಕರೂ ಅವೇ. ಅಮೈಲಾಯ್ಡ್ ತಾಗಿದಾಗ ಸೂಪರಾಕ್ಸೈಡ್ ಎಂಬ ಉಗ್ರ ಕಣ ಹುಟ್ಟಿ ಆ ನೈಟ್ರಿಕ್ ಆಕ್ಸೈಡನ್ನು ನುಂಗುತ್ತದೆ. ಸೂಪರಾಕ್ಸೈಡನ್ನು ನಿವಾರಿಸುವ ಕಿಣ್ವವನ್ನು ಸೇರಿಸಿದಾಗ ಹಾನಿ ತಪ್ಪಿತು. ನಾಳವು ಕಣ್ಣಿಗೆ ಕಾಣುವಂತೆ ಕೆಡುವ ಮೊದಲೇ ಅದರ ನಡವಳಿಕೆ ಕೆಟ್ಟಿರಬಹುದು ಎಂಬ ವಿಚಾರಕ್ಕೆ ಇದರಿಂದ ಬಲ ಬಂತು.

2023ರಲ್ಲಿ ಅಮೆರಿಕದಲ್ಲಿ ಲೆಕಾನೆಮ್ಯಾಬ್ ಎಂಬ ಪ್ರತಿಕಾಯ ಔಷಧಕ್ಕೆ ಪೂರ್ಣ ಅನುಮತಿ ದೊರೆಯಿತು. ಅದು ಮಿದುಳಿನ ಅಮೈಲಾಯ್ಡನ್ನು ತೆರವು ಮಾಡುತ್ತದೆ, ಮರೆವಿನ ಓಟವನ್ನು ತುಸು ನಿಧಾನಗೊಳಿಸುತ್ತದೆ. ಅದರ ಮುಖ್ಯ ಅಪಾಯ ಮಿದುಳಿನ ಊತ ಮತ್ತು ಸಣ್ಣ ರಕ್ತಸ್ರಾವಗಳು. ನಾಳದ ಗೋಡೆಯಲ್ಲೇ ಅಮೈಲಾಯ್ಡ್ ತುಂಬಿದ್ದವರಿಗೆ ಈ ಅಪಾಯ ಹೆಚ್ಚು. ಆದ್ದರಿಂದ ಮೊದಲ ಚುಚ್ಚುಮದ್ದಿಗೆ ಮುನ್ನವೂ, ನಂತರ ನಿಗದಿತ ಹಂತಗಳಲ್ಲಿಯೂ ರೋಗಿಗಳು ಎಂಆರ್‌ಐ ಯಂತ್ರದೊಳಗೆ ಮಲಗಬೇಕು, ವೈದ್ಯರು ನಾಳಗಳು ಸೋರಿವೆಯೇ ಎಂದು ನೋಡಬೇಕು.