ಹೋಮ್ ಥಿಯೇಟರ್ ರಿಸೀವರ್ ಚಿತ್ರಕ್ಕೆ ಏನು ಮಾಡುತ್ತದೆ?

ಮತ್ತಿಗಿರಿ: ನಮ್ಮ ಕಡೆ 'ಹೋಮ್ ಥಿಯೇಟರ್' ಎಂದರೆ ಐದು ಸಣ್ಣ ಸ್ಪೀಕರ್, ಒಂದು ದೊಡ್ಡ ಊಫರ್ ಡಬ್ಬ ಎಂದೇ ಲೆಕ್ಕ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಸ್ಸಿನಲ್ಲಿ ಹೊತ್ತು ತರುವ ಇಂಥ ಸೆಟ್‌ಗಳಲ್ಲಿ ಹೆಚ್ಚಿನವು ಚಿತ್ರದ ಗೋಜಿಗೆ ಹೋಗುವುದೇ ಇಲ್ಲ. ಟಿವಿಯಿಂದ ಶಬ್ದ ಪಡೆದು ಜೋರಾಗಿ ಕೇಳಿಸುತ್ತವೆ, ಅಷ್ಟೇ. ಎ.ವಿ. ರಿಸೀವರ್ ಎಂಬುದು ಬೇರೆ ಯಂತ್ರ. ಇದರೊಳಗೆ ಶಬ್ದದ ಜೊತೆ ಚಿತ್ರವೂ ಹಾದು ಹೋಗುತ್ತದೆ. ಅಂಗಡಿಯವರು 'ಇದನ್ನು ಹಾಕಿದರೆ ಪಿಕ್ಚರ್ ಕೂಡ ಸೂಪರ್ ಆಗುತ್ತೆ' ಎನ್ನುವುದುಂಟು. ಆ ಮಾತನ್ನು ನಂಬಿ ಹೆಚ್ಚು ಹಣ ಕೊಡುವ ಮೊದಲು ಇಷ್ಟು ತಿಳಿದಿರಲಿ.

ರಿಸೀವರ್‌ನ ಮೊದಲ ಕೆಲಸ ಆಯ್ಕೆ. ಗಡಿಭಾಗದ ಮನೆಗಳಿಗೆ ಇದರ ಉಪಯೋಗ ಬೇಗ ಅರ್ಥವಾಗುತ್ತದೆ. ತಮಿಳು ಚಾನೆಲ್‌ಗಳಿಗೆ ಕೇಬಲ್ ಬಾಕ್ಸ್, ಕನ್ನಡಕ್ಕೆ ಡಿಶ್ (ದೂರದರ್ಶನದ ಫ್ರೀ ಡಿಶ್‌ನಲ್ಲಿ ಡಿಡಿ ಚಂದನ ಸಿಗುತ್ತದೆ), ಮೇಲೊಂದು ಡಿವಿಡಿ ಪ್ಲೇಯರ್ ಇದ್ದ ಮನೆಯಲ್ಲಿ ಟಿವಿಯ ಹಿಂದಿನ ಎರಡು ಎಚ್‌ಡಿಎಂಐ ಸಾಕೆಟ್ ಸಾಲುವುದಿಲ್ಲ. ಎಲ್ಲವನ್ನೂ ರಿಸೀವರ್‌ಗೆ ಸಿಕ್ಕಿಸಿದರೆ ಅಲ್ಲಿಂದ ಟಿವಿಗೆ ಒಂದೇ ವೈರ್ ಸಾಕು. ರಿಮೋಟಿನ ಒಂದು ಗುಂಡಿ ಒತ್ತಿದರೆ ಅಜ್ಜಿಯ ಕನ್ನಡ ಧಾರಾವಾಹಿ, ಇನ್ನೊಂದು ಒತ್ತಿದರೆ ತಮಿಳು ಸಿನಿಮಾ.

ಎರಡನೆಯದು ಪರಿವರ್ತನೆ. ಹಳೆಯ ಯಂತ್ರಗಳಿಂದ ಹಳದಿ ಪಿನ್ ವೈರಿನಲ್ಲಿ ಬರುವುದು ಅನಲಾಗ್ ಸಿಗ್ನಲ್. 2002ರ ಡಿಸೆಂಬರ್‌ನಲ್ಲಿ ಬಂದ ಎಚ್‌ಡಿಎಂಐ ಡಿಜಿಟಲ್. ಚಿತ್ರ, ಶಬ್ದ ಎರಡೂ ಅದರ ಒಂದೇ ವೈರಿನಲ್ಲಿ ಹೋಗುತ್ತವೆ. ಹಳದಿ ಪಿನ್‌ನಿಂದ ಬಂದದ್ದನ್ನು ಎಚ್‌ಡಿಎಂಐಗೆ ಬದಲಾಯಿಸಿ ಕೊಡುವ ಶಕ್ತಿ ಅನೇಕ ರಿಸೀವರ್‌ಗಳಿಗಿದೆ, ಎಲ್ಲಕ್ಕೂ ಇಲ್ಲ. ಹೊಸ ಮಾಡೆಲ್‌ಗಳಲ್ಲಿ ಹಳದಿ ಸಾಕೆಟ್ಟೇ ಕಡಿಮೆಯಾಗುತ್ತಿದೆ.

ಮನೆಯಲ್ಲಿ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇಟ್ಟುಕೊಂಡವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ವರ್ಷಗಟ್ಟಲೆ ಬೀರುವಿನಲ್ಲಿ ಕೂತ ಟೇಪು ಹಿಗ್ಗಿರುತ್ತದೆ, ಅದರಿಂದ ಬರುವ ಸಿಗ್ನಲ್ಲಿನ ಲಯ ಅಲುಗಾಡುತ್ತಿರುತ್ತದೆ. ಹಳೆಯ ಪೆಟ್ಟಿಗೆ ಟಿವಿ ಇದನ್ನು ಹೇಗೋ ಸಹಿಸಿಕೊಂಡು ತೋರಿಸುತ್ತಿತ್ತು. ಡಿಜಿಟಲ್‌ಗೆ ಬದಲಾಯಿಸುವ ರಿಸೀವರ್ ಮಾತ್ರ ಲಯ ತಪ್ಪಿದೊಡನೆ ಪರದೆಯನ್ನು ಕಪ್ಪೋ ನೀಲಿಯೋ ಮಾಡಿಬಿಡಬಹುದು. ಕ್ಯಾಸೆಟ್ ಹಾಳಾಯಿತೆಂದು ಎಸೆಯಬೇಡಿ! ವಿಸಿಆರ್ ಅನ್ನು ನೇರ ಟಿವಿಗೆ ಹಾಕಿ ನೋಡಿ. ತಮಿಳುನಾಡು ಸರ್ಕಾರ 2006ರಿಂದ ಹಂಚಿದ 14 ಇಂಚಿನ ಉಚಿತ ಕಲರ್ ಟಿವಿಯೋ ಬೇರಾವುದೋ ಹಳೆ ಟಿವಿಯೋ ಮೂಲೆಯಲ್ಲಿದ್ದರೆ, ಕ್ಯಾಸೆಟ್ ಕಂಪ್ಯೂಟರಿಗೆ ಏರುವ ತನಕ ಅದನ್ನು ಗುಜರಿಗೆ ಹಾಕದಿರುವುದೇ ಲೇಸು.

ಮೂರನೆಯದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವ 'ಅಪ್‌ಸ್ಕೇಲಿಂಗ್'. ನಮ್ಮ ಪಾಲ್ ಪದ್ಧತಿಯ ಸಾಮಾನ್ಯ ಚಿತ್ರದಲ್ಲಿ 720 x 576, ಅಂದರೆ ಸುಮಾರು 4.15 ಲಕ್ಷ ಚುಕ್ಕೆಗಳು. 4ಕೆ ಟಿವಿಯ ಪರದೆಯಲ್ಲಿರುವುದು ಸುಮಾರು 83 ಲಕ್ಷ. ಒಂದು ಚುಕ್ಕೆ ಇದ್ದ ಕಡೆ ಇಪ್ಪತ್ತು ಬೇಕು. ಉಳಿದ ಹತ್ತೊಂಬತ್ತು ಎಲ್ಲಿಂದ ಬರಬೇಕು? ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನಲ್ಲಿ ತುಂಬುವುದು, ಅಷ್ಟೇ. ಕ್ಯಾಮೆರಾ ಹಿಡಿಯದ ವಿವರವನ್ನು ಯಾವ ರಿಸೀವರೂ ಹುಟ್ಟಿಸಲಾರದು.

ಇದರ ಜೊತೆಗೆ ಇನ್ನೊಂದು ಕೆಲಸವಿದೆ. ಹಳೆ ಪದ್ಧತಿಯಲ್ಲಿ ಸೆಕೆಂಡಿಗೆ 50 ಅರೆ ಚಿತ್ರಗಳು ಬರುತ್ತವೆ: ಒಮ್ಮೆ ಬೆಸ ಗೆರೆಗಳು, ಒಮ್ಮೆ ಸಮ ಗೆರೆಗಳು. ಈಗಿನ ಚಪ್ಪಟೆ ಪರದೆಗೆ ಇವನ್ನು ಹೊಲಿದು ಪೂರ್ಣ ಚಿತ್ರ ಮಾಡಿ ಕೊಡಬೇಕು. ಹೊಲಿಗೆ ಕೆಟ್ಟರೆ ಓಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಪರೀಕ್ಷಿಸಲು ನ್ಯೂಸ್ ಚಾನೆಲ್ ಹಾಕಿ, ಕೆಳಗೆ ಓಡುವ ಅಕ್ಷರಗಳನ್ನು ನೋಡಿ. ಈ ಕೆಲಸವನ್ನು ಟಿವಿಯೂ ಮಾಡಬಲ್ಲದು, ಹೊಸ ಟಿವಿಯಾದರೆ ಹಳೆ ರಿಸೀವರ್‌ಗಿಂತ ಚೆನ್ನಾಗಿಯೇ ಮಾಡೀತು. ಆದ್ದರಿಂದ ರಿಸೀವರ್ ಮೆನುವಿನಲ್ಲಿ ವಿಡಿಯೋವನ್ನು 'ಬೈಪಾಸ್' ಅಥವಾ 'ಡೈರೆಕ್ಟ್'ನಲ್ಲಿ ಇಟ್ಟು, ಆಮೇಲೆ ಬದಲಿಸಿ, ಯಾವುದು ಕಣ್ಣಿಗೆ ಹಿತವೋ ಅದನ್ನು ಉಳಿಸಿಕೊಳ್ಳಿ.

ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರುವವರಿಗೆ ನಿಜವಾದ ತೊಂದರೆ ಬೇರೆ ಕಡೆ ಇದೆ. ವೈರ್ ಸಿಕ್ಕಿಸಿದ ಕೂಡಲೇ ಯಂತ್ರಗಳು ತಮ್ಮೊಳಗೆ ಮಾತಾಡಿಕೊಳ್ಳುತ್ತವೆ. 'ನಾನು ಇಷ್ಟರ ತನಕ ತೋರಿಸಬಲ್ಲೆ' ಎಂದು ಟಿವಿ ಹೇಳುತ್ತದೆ, ನಡುವಿನ ರಿಸೀವರ್ ಅದನ್ನು ಬಾಕ್ಸ್‌ಗೆ ದಾಟಿಸುತ್ತದೆ. ರಿಸೀವರ್‌ಗೆ 1080 ಮಾತ್ರ ಗೊತ್ತಿದ್ದರೆ 4ಕೆ ಟಿವಿಗೂ 1080ಯೇ ಗತಿ. ಕಳ್ಳಪ್ರತಿ ತಡೆಯುವ ಎಚ್‌ಡಿಸಿಪಿ ಎಂಬ ಬೀಗವೂ ಇದೆ. 4ಕೆ ಸಿನಿಮಾಗಳಿಗೆ ಸಾಮಾನ್ಯವಾಗಿ ಅದರ 2.2 ಆವೃತ್ತಿ ಬೇಕು. ಸಾಲಿನಲ್ಲಿ ಒಂದು ಯಂತ್ರಕ್ಕೆ ಅದು ಬಾರದಿದ್ದರೂ ಚಿತ್ರದ ಗುಣ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. 2000ರ ದಶಕದ ಮಧ್ಯದ ಕೆಲವು ರಿಸೀವರ್‌ಗಳಂತೂ ಎಚ್‌ಡಿಎಂಐಯಲ್ಲಿ ಚಿತ್ರವನ್ನಷ್ಟೇ ದಾಟಿಸಿ ಶಬ್ದವನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಬೇರೆ ವೈರ್ ಎಳೆಯಬೇಕು.

ಇದಕ್ಕೆ ಸುಲಭ ದಾರಿ ಇದೆ. 4ಕೆ ಬಾಕ್ಸ್ ಅನ್ನು ನೇರ ಟಿವಿಗೆ ಹಾಕಿ, ಟಿವಿಯಿಂದ ಶಬ್ದವನ್ನು ಮಾತ್ರ ಹಿಂದಕ್ಕೆ ರಿಸೀವರ್‌ಗೆ ತನ್ನಿ. 2009ರ ಎಚ್‌ಡಿಎಂಐ 1.4ರಿಂದ 'ಎಆರ್‌ಸಿ' ಎಂದು ಬರೆದ ಸಾಕೆಟ್ ಇರುವುದು ಇದಕ್ಕಾಗಿಯೇ. ಎರಡೂ ಯಂತ್ರಗಳಲ್ಲಿ ಅದೇ ಗುರುತಿನ ಸಾಕೆಟ್ ಬಳಸಿ, ಮೆನುವಿನಲ್ಲಿ 'ಸಿಇಸಿ' ಆನ್ ಮಾಡಿ. ಎಆರ್‌ಸಿ ಇಲ್ಲದ ಹಳೆಯದಕ್ಕೆ ಆಪ್ಟಿಕಲ್ ಕೇಬಲ್ ಸಾಕು.

ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆದರೆ? ಡಬ್ಬಿಂಗ್ ಸಿನಿಮಾವಾದರೆ ಏನೂ ಮಾಡುವಂತಿಲ್ಲ. ಉಳಿದವುಗಳಲ್ಲಿ, ಚಿತ್ರವನ್ನು ತಿದ್ದಲು ಟಿವಿಗೆ ಸಮಯ ಹಿಡಿಯುವುದರಿಂದ ಮಾತು ಮುಂದೆ ಓಡುತ್ತದೆ. ರಿಸೀವರ್‌ನ 'ಲಿಪ್ ಸಿಂಕ್' ಅಥವಾ 'ಆಡಿಯೋ ಡಿಲೇ'ಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಸರಿಮಾಡಿಕೊಳ್ಳಿ.

ಎಲ್ಲ ಬಾಕ್ಸ್‌ಗಳೂ ರಿಸೀವರ್ ಮೂಲಕವೇ ಹೋದರೆ, ಅದು ಆಫ್ ಇದ್ದಾಗ ಟಿವಿಯಲ್ಲಿ ಚಿತ್ರವಿಲ್ಲ. ಮನೆಯ ಹಿರಿಯರು ವಾರ್ತೆ ನೋಡಲು ಮೂರು ರಿಮೋಟ್ ಹಿಡಿದು ಪರದಾಡುವುದು ಇದರಿಂದಲೇ. ಎಷ್ಟೋ ರಿಸೀವರ್‌ಗಳಲ್ಲಿ 'ಸ್ಟ್ಯಾಂಡ್‌ಬೈ ಥ್ರೂ' ಅಥವಾ 'ಪಾಸ್ ಥ್ರೂ' ಎಂಬ ಸೆಟ್ಟಿಂಗ್ ಇರುತ್ತದೆ. ಅದನ್ನು ಆನ್ ಮಾಡಿಟ್ಟರೆ ಯಂತ್ರ ಮಲಗಿದ್ದರೂ ಚಿತ್ರ, ಶಬ್ದ ಟಿವಿಗೆ ಹೋಗುತ್ತವೆ. ಗೋಡೆಯ ಸ್ವಿಚ್ ಮಾತ್ರ ಆರಿಸಬೇಡಿ, ಅದಕ್ಕೂ ಸ್ವಲ್ಪ ಕರೆಂಟ್ ಬೇಕು.