ಕೈಗಾಯ: ಬೋರಿನ ಮೋಟಾರು ಎತ್ತುವ ಕೆಲಸದಲ್ಲಿ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸೋನ್ಯಾಳ ಮತ್ತು ಸುತ್ತಲಿನ ಕನ್ನಡ ಹಳ್ಳಿಗಳದು ಮಳೆನೆರಳಿನ ಸೀಮೆ. ಬೋರಿನ ನೀರು ಕೆಳಗಿಳಿದಾಗ, ಮೋಟಾರು ಸುಟ್ಟಾಗ ಮೋಟಾರನ್ನು ಮೇಲೆತ್ತಬೇಕು. ಭಾರದ ಸಲಕರಣೆಗಳಿಂದ ಕೈಗೆ ಪೆಟ್ಟಾಗುವ ಬಗೆಯನ್ನು ಇದರಷ್ಟು ಚೆನ್ನಾಗಿ ತೋರಿಸುವ ಕೆಲಸಗಳು ಕಡಿಮೆ.

2 ಇಂಚಿನ, 6 ಮೀಟರ್ ಉದ್ದದ ಜಿಐ ಪೈಪೊಂದು ಸುಮಾರು 30 ಕಿಲೊ ತೂಗುತ್ತದೆ. 20 ಪೈಪು ಇಳಿಸಿದ್ದರೆ ಕಬ್ಬಿಣವೇ 600 ಕಿಲೊ. ವಾಲ್ವು ಪೈಪಿನೊಳಗೆ ನೀರು ಹಿಡಿದಿದ್ದರೆ ಮತ್ತೆ 260 ಲೀಟರ್. ಇಷ್ಟೂ ಚೈನ್‌ಪುಲ್ಲಿಗೆ ಜೋತುಬಿದ್ದಿರುತ್ತದೆ. ಒಂದೊಂದು ಪೈಪು ಮೇಲೆ ಬಂದಾಗಲೂ ಅದರ ಕೆಳಗಿನದಕ್ಕೆ ಎರಡು ಹೋಳಿನ ಕ್ಲ್ಯಾಂಪು ಬಿಗಿದು, ಕೇಸಿಂಗಿನ ಬಾಯಿಯ ಮೇಲೆ ಕೂರಿಸಿ, ಪಾನಾ ಹಾಕಿ ಮೇಲಿನ ಪೈಪು ಬಿಚ್ಚುತ್ತಾರೆ. ಕೈ ಸಿಗುವುದು ಈ ಕೂರಿಸುವ ಗಳಿಗೆಯಲ್ಲಿ. ಕ್ಲ್ಯಾಂಪು ಓರೆಯಾಯಿತೆಂದು ಒಬ್ಬ ಅದರ ಅಡಿಗೆ ಬೆರಳು ಹಾಕಿರುತ್ತಾನೆ, ಇನ್ನೊಬ್ಬ ಸರಪಳಿ ಸಡಿಲಿಸಿರುತ್ತಾನೆ. ‘ಬಿಡು’ ಎನ್ನುವವನು ಒಬ್ಬನೇ ಇರಬೇಕು, ಅವನು ಬೋರಿನ ಬಾಯಿ ಕಾಣುವಲ್ಲಿ ನಿಂತಿರಬೇಕು. ಕ್ಲ್ಯಾಂಪನ್ನು ಅದರ ಕಿವಿಗಳಲ್ಲೇ ಹಿಡಿಯಬೇಕು. ಕೈಗವಸು ಚರ್ಮ ಸುಲಿಯುವುದನ್ನು ತಡೆದೀತು, 800 ಕಿಲೊ ಭಾರವನ್ನಲ್ಲ. ಹಲ್ಲು ಸವೆದ ಪಾನಾ ಜಾರಿದರೆ ಗೆಣ್ಣು ಒಡೆಯುತ್ತದೆ.

ಹೆಚ್ಚಾಗಿ ಜಜ್ಜುವುದು ಬೆರಳ ತುದಿ: ಉಗುರಿನಡಿ ರಕ್ತ ಹೆಪ್ಪುಗಟ್ಟುತ್ತದೆ, ತುದಿಮೂಳೆ ಮುರಿಯುತ್ತದೆ. ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವೇ ಕಿತ್ತು ಬರಬಹುದು. ಮೇಲೆ ಗಾಯವೇ ಕಾಣದ ಜಜ್ಜುಪೆಟ್ಟೂ ಉಂಟು. ಬೆರಳು ಚಾಚಿದಾಗ ನೋವು ಏರುತ್ತ ಹೋದರೆ ಒಳಗೆ ಒತ್ತಡ ಹೆಚ್ಚುತ್ತಿದೆಯೆಂದು ತಿಳಿದು ತಡಮಾಡದೆ ಆಸ್ಪತ್ರೆ ಸೇರಬೇಕು.

ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಇಟ್ಟು ಒತ್ತಿ ಹಿಡಿದು, ಕೈ ಮೇಲೆತ್ತಬೇಕು. ಬಾವು ಬರುವ ಮೊದಲೇ ಉಂಗುರ ತೆಗೆಯಬೇಕು. ಅರಿಸಿನ, ಗ್ರೀಸು ಮೆತ್ತಬಾರದು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಬೇಕು. ಮಂಜುಗಡ್ಡೆ ನೇರ ತಾಗಿದರೆ ಬೆರಳು ಕೆಡುತ್ತದೆ. ಜಜ್ಜಿಹೋದ ಬೆರಳು ಕೂಡುವುದು ಕೊಯ್ದುಹೋದದ್ದಕ್ಕಿಂತ ಕಷ್ಟ. ಈ ಊರುಗಳಿಂದ ದೊಡ್ಡ ಆಸ್ಪತ್ರೆಗಳಿರುವ ಮಿರಜ, ವಿಜಯಪುರ, ಸೊಲ್ಲಾಪುರ ಯಾವುದೂ ಹತ್ತಿರವಲ್ಲ, ಹಾಗಾಗಿ ಬೇಗ ಹೊರಡಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14 ನಷ್ಟವೆಂದು ಎಣಿಸಿತು. ಪಾನಾ ಹಿಡಿದು ಬದುಕುವವನಿಗೆ ಈ ಲೆಕ್ಕ ತೀರ ಕಡಿಮೆ. ಹೆಬ್ಬೆರಳಿಲ್ಲದ ಕೈಗೆ ಪಾನಾದ ಹಿಡಿ ನಿಲ್ಲುವುದಿಲ್ಲ.